ಓದುಗರ ಪ್ರಶ್ನೆ: ಸಾಂಟಾ ಕ್ಲಾರಾ ಕೌಂಟಿಗೆ ಡಿಸಿ ಯಾರು?

ಪ್ರಶ್ನೆ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸನ್ನಿವೇಲ್‌ಗೆ, ಮಗನ ಮನೆಗೆ ಬಂದಿದ್ದೇವೆ. ಮನೆಗೆ ಬರುವ ಸರ್ಕಾರಿ ಪತ್ರಗಳ ಮೇಲೆ ‘ಸಾಂಟಾ ಕ್ಲಾರಾ ಕೌಂಟಿ’ ಅಂತ ಇರುತ್ತದೆ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ತಾನೇ? ಹಾಗಾದ್ರೆ ಇಲ್ಲಿನ ಡಿಸಿ ಯಾರು?

ಉತ್ತರ: ಯಾರೂ ಇಲ್ಲ. ಆ ಕುರ್ಚಿಯೇ ಇಲ್ಲ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮಂದಿರು ಬಂದಿಳಿದ ಹಾಗೇ ಈ ಪ್ರಶ್ನೆಯೂ ಬಂದಿಳಿಯುತ್ತದೆ. ಪಾರ್ಕಿನ ಬೆಂಚಲ್ಲಿ ಕೇಳುತ್ತಾರೆ, ದೇವಸ್ಥಾನದ ಪ್ರಸಾದದ ಸಾಲಲ್ಲಿ ಕೇಳುತ್ತಾರೆ. ಹೋದ ವರ್ಷ ನಿವೃತ್ತ ತಹಸೀಲ್ದಾರರೊಬ್ಬರು ನನ್ನ ಮಾತು ನಂಬಲೇ ಇಲ್ಲ. ‘ಡಿಸಿ ಇಲ್ಲ ಅಂದ್ರೆ ಪಹಣಿ ಯಾರು ಕೊಡ್ತಾರೆ ಸ್ವಾಮಿ?’ ಎಂದರು. ಒಳ್ಳೇ ಪ್ರಶ್ನೆ. ಅದಕ್ಕೂ ಬರುತ್ತೇನೆ.

ನಕ್ಷೆಯಲ್ಲಿ ನೋಡಿದರೆ ಕೌಂಟಿ ಜಿಲ್ಲೆಯ ಥರಾನೇ ಕಾಣುತ್ತದೆ, ಒಪ್ಪುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿ. ಪಶ್ಚಿಮಕ್ಕೆ ಸಾಂಟಾ ಕ್ರೂಜ್ ಬೆಟ್ಟಗಳು, ಪೂರ್ವಕ್ಕೆ ಡಿಯಾಬ್ಲೊ ಬೆಟ್ಟಸಾಲು, ನಡುವೆ ಬಟ್ಟಲಿನಂಥ ಕಣಿವೆ. ಅಳತೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಒಂದೂವರೆ ಪಟ್ಟು. 2020ರ ಜನಗಣತಿಯಲ್ಲಿ ಜನಸಂಖ್ಯೆ 19.36 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಯಾನ್ ಹೋಸೆ ನಗರವೊಂದರಲ್ಲೇ. ಹತ್ತರಲ್ಲಿ ಸುಮಾರು ನಾಲ್ವರು ಏಷ್ಯಾ ಮೂಲದವರು, ಕಾಲು ಭಾಗ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನ. ಸ್ಯಾನ್ ಹೋಸೆಯಲ್ಲಿ ವಿಯೆಟ್ನಾಂ ಮೂಲದವರೇ ಒಂದು ಲಕ್ಷಕ್ಕೂ ಹೆಚ್ಚು. ನಾವು ಓಡಾಡುವ ಗ್ರೋಸರಿ ಅಂಗಡಿ, ಆಫೀಸು, ಮಸಾಲೆ ದೋಸೆ ಎಲ್ಲ ಕಣಿವೆಯ ಒಂದು ಮೂಲೆಯಲ್ಲಿವೆ. ಪೂರ್ವದ ಕಡೆ ಬರೀ ಬೆಟ್ಟ, ಓಕ್ ಮರ, ಮೇಯುವ ದನ. ಅಲ್ಲಿ ಹ್ಯಾಮಿಲ್ಟನ್ ಬೆಟ್ಟದ ಮೇಲೆ 1888ರಲ್ಲಿ ಶುರುವಾದ ಲಿಕ್ ವೀಕ್ಷಣಾಲಯ ಇದೆ. ಅದಕ್ಕೆ ಹಣ ಕೊಟ್ಟ ಜೇಮ್ಸ್ ಲಿಕ್‌ನ ಸಮಾಧಿ ಇರುವುದು ಅಲ್ಲಿನ ದೊಡ್ಡ ದೂರದರ್ಶಕದ ಅಡಿಯಲ್ಲೇ. ಊರಿಂದ ಬಂದವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ರಸ್ತೆ ಮಾತ್ರ ಆಗುಂಬೆ ಘಾಟಿಯ ಥರ ತಿರುವೋ ತಿರುವು, ತಿಂಡಿ ತಿಂದ ಕೂಡಲೇ ಹೊರಡಬೇಡಿ.

ಈಗ ಡಿಸಿ ವಿಷಯ. ಗಟ್ಟಿಯಾಗಿ ಕೂತಿರುವ ತಪ್ಪು ತಿಳಿವಳಿಕೆ ಹೀಗಿದೆ: ಮೇಲೆ ರಾಜ್ಯ, ಕೆಳಗೆ ಕೌಂಟಿ, ಅದರ ಕೆಳಗೆ ಸಿಟಿ. ರಾಜ್ಯ ಸರ್ಕಾರ ಒಬ್ಬ ಅಧಿಕಾರಿಯನ್ನು ಕಳಿಸುತ್ತದೆ, ಅವರು ಹೇಳಿದ್ದನ್ನು ಸಿಟಿಯವರು ಕೇಳಬೇಕು. ನಮ್ಮಲ್ಲಿ ಡಿಸಿ ಕಚೇರಿಯ ಮೆಟ್ಟಿಲು ಹತ್ತಿಳಿದವರಿಗೆ ಇದು ಸಹಜವಾಗೇ ಬರುತ್ತದೆ. ಇಲ್ಲಿ ಕೌಂಟಿ ರಾಜ್ಯದ ಕೆಳಗಿದೆ ಅನ್ನುವುದೊಂದು ಬಿಟ್ಟರೆ ಉಳಿದದ್ದೆಲ್ಲ ತಪ್ಪು.

ಮೊದಲಿಗೆ, ಯಾರನ್ನೂ ಯಾರೂ ಕಳಿಸುವುದಿಲ್ಲ. ಕೌಂಟಿಯನ್ನು ನಡೆಸುವುದು ಐದು ಜನರ ಮಂಡಳಿ, ಅವರಿಗೆ ಸೂಪರ್‌ವೈಸರ್ ಎನ್ನುತ್ತಾರೆ. ಫ್ಯಾಕ್ಟರಿ ಸೂಪರ್‌ವೈಸರ್ ಅಲ್ಲ, ದಯವಿಟ್ಟು. ಕೌಂಟಿಯನ್ನು ಐದು ಕ್ಷೇತ್ರ ಮಾಡಿ, ಒಂದೊಂದರಿಂದ ಒಬ್ಬರನ್ನು ನಾಲ್ಕು ವರ್ಷಕ್ಕೆ ಜನರೇ ಆರಿಸುತ್ತಾರೆ. ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ. ದಿನದಿನದ ಕೆಲಸ ನೋಡಿಕೊಳ್ಳಲು ಈ ಐವರು ಒಬ್ಬ ಕೌಂಟಿ ಎಕ್ಸಿಕ್ಯುಟಿವ್‌ರನ್ನು ನೇಮಿಸುತ್ತಾರೆ. ಡಿಸಿ ಹುಡುಕುವವರು ಇಲ್ಲಿಗೆ ಬಂದ ಕೂಡಲೇ ‘ನೋಡಿ, ಇವರೇ!’ ಎನ್ನುತ್ತಾರೆ. ಅಲ್ಲ. ಅವರು ಮಂಡಳಿಯ ನೌಕರರು. ನಮ್ಮ ಮುಖ್ಯಮಂತ್ರಿಯ ಹಾಗೆ ಇಲ್ಲಿ ರಾಜ್ಯ ನಡೆಸುವ ಗವರ್ನರ್ ಮನಸ್ಸು ಮಾಡಿದರೂ ಅವರನ್ನು ಬೇರೆ ಕೌಂಟಿಗೆ ವರ್ಗ ಮಾಡಲು ಆಗುವುದಿಲ್ಲ.

‘ಹೋಗಲಿ, ಎಸ್‌ಪಿ ಆದ್ರೂ ಇರ್ತಾರಲ್ಲ?’ ಶೆರಿಫ್ ಇದ್ದಾರೆ. ಅವರೂ ಚುನಾವಣೆಯಲ್ಲಿ ಗೆದ್ದು ಬಂದವರೇ. ಮೊಕದ್ದಮೆ ಹೂಡುವ ಡಿಸ್ಟ್ರಿಕ್ಟ್ ಅಟಾರ್ನಿಯೂ ಹಾಗೇ. ಮನೆ, ಜಾಗಗಳ ತೆರಿಗೆ ಮೌಲ್ಯ ಗೊತ್ತುಮಾಡುವ ಅಸೆಸರ್ ಕೂಡ ಹಾಗೇ. ಯಾರೂ ಯಾರ ಕೈಕೆಳಗೂ ಇಲ್ಲ. ತಹಸೀಲ್ದಾರರಿಗೆ ನಾನು ಕೊಟ್ಟ ಉತ್ತರವೂ ಇದೇ: ಪಹಣಿ ಎನ್ನುವುದೇ ಇಲ್ಲಿಲ್ಲ. ಕ್ರಯಪತ್ರ ನೋಂದಾಯಿಸುವುದು ಕೌಂಟಿಯ ಕ್ಲರ್ಕ್-ರೆಕಾರ್ಡರ್ ಕಚೇರಿ, ಬೆಲೆ ಕಟ್ಟುವುದು ಅಸೆಸರ್, ದುಡ್ಡು ತೆಗೆದುಕೊಳ್ಳುವುದು ಇನ್ನೊಂದು ವಿಭಾಗ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಜವಾಬ್ದಾರಿ ಯಾರದು?’ ಎಂದರು. ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದವರು, ಕೇಳಲೇಬೇಕು.

ಎರಡನೆಯದು, ಸಿಟಿ ಕೌಂಟಿಯ ಕೆಳಗಿಲ್ಲ. ಇದನ್ನೇ ನಾನು ಅತಿ ಹೆಚ್ಚು ಸಲ ಹೇಳಿರುವುದು, ಇದೇ ತಲೆಗೆ ಹೋಗದಿರುವುದು. ಸಿಟಿಗಳನ್ನು ಹುಟ್ಟಿಸಿದ್ದು ಕೌಂಟಿ ಅಲ್ಲ. ಒಂದು ಜಾಗದ ಜನ ‘ನಾವು ಸಿಟಿ ಆಗ್ತೀವಿ’ ಎಂದು ರಾಜ್ಯದ ಕಾನೂನಿನ ಪ್ರಕಾರ ಮತ ಹಾಕಿ ಮಾಡಿಕೊಂಡವೇ ಅವುಗಳಲ್ಲಿ ಬಹುಪಾಲು. ಕೌಂಟಿಯಲ್ಲಿ ಒಟ್ಟು 15 ಸಿಟಿಗಳಿವೆ. ಕಟ್ಟಡ ಪರವಾನಗಿ, ಯಾವ ರಸ್ತೆಯಲ್ಲಿ ಅಂಗಡಿ, ಯಾವುದರಲ್ಲಿ ಮನೆ, ಎಲ್ಲ ಸಿಟಿಯ ತೀರ್ಮಾನ. ಸೂಪರ್‌ವೈಸರ್‌ಗಳು ಅದನ್ನು ತಳ್ಳಿಹಾಕುವಂತಿಲ್ಲ. ಸ್ಯಾನ್ ಹೋಸೆಯ ಪೊಲೀಸ್ ಮುಖ್ಯಸ್ಥರು ಶೆರಿಫ್‌ಗೆ ಸಲ್ಯೂಟ್ ಹೊಡೆಯಬೇಕಾಗಿಲ್ಲ. ಸನ್ನಿವೇಲ್‌ನದು ಇನ್ನೂ ಬೇರೆ ಕಥೆ: ಅಲ್ಲಿ 1950ರಿಂದಲೂ ಪೊಲೀಸು, ಅಗ್ನಿಶಾಮಕ ಎರಡೂ ಒಂದೇ ಇಲಾಖೆ. ನಿಮ್ಮ ಮಗನ ಮನೆ ಹತ್ತಿರ ಕಳ್ಳನ ಹಿಂದೆ ಓಡುವವರು ಬೆಂಕಿ ಆರಿಸುವ ತರಬೇತಿಯನ್ನೂ ಪಡೆದಿರುತ್ತಾರೆ.

ಆದರೆ ಪಕ್ಕದ ಕ್ಯುಪರ್ಟಿನೊದಲ್ಲಿ ಶೆರಿಫ್ ಗಾಡಿಗಳೇ ಓಡಾಡುತ್ತವಲ್ಲ? ಓಡಾಡುತ್ತವೆ. ಕ್ಯುಪರ್ಟಿನೊಗೆ ಸ್ವಂತ ಪೊಲೀಸ್ ಇಲ್ಲ. ಶೆರಿಫ್ ಇಲಾಖೆಗೆ ದುಡ್ಡು ಕೊಟ್ಟು ಕಾಂಟ್ರ್ಯಾಕ್ಟ್ ಮೇಲೆ ಪೊಲೀಸರನ್ನು ಇಟ್ಟುಕೊಂಡಿದೆ. ಸಾರಾಟೋಗಾದ್ದೂ ಅದೇ ವ್ಯವಸ್ಥೆ. ಮೇಲಧಿಕಾರಿಗೆ ಬಾಡಿಗೆ ಕೊಟ್ಟು ಕರೆಸಿಕೊಳ್ಳುತ್ತಾರಾ? ಸುಮ್ನೆ ಯೋಚಿಸಿ.

ಮತ್ತೆ ಕೌಂಟಿಗೆ ಏನು ಕೆಲಸ? ಬೇಕಾದಷ್ಟಿದೆ. ಜೈಲು, ಚುನಾವಣೆ, ಸಾರ್ವಜನಿಕ ಆರೋಗ್ಯ, ಸರ್ಕಾರಿ ಆಸ್ಪತ್ರೆಗಳು, ಬಡವರ ನೆರವು, ಅನಾಥ ಮಕ್ಕಳ ಪಾಲನೆ. ಮೊಮ್ಮಗುವಿನ ಜನನ ಪತ್ರ, ಮಗಳ ಮದುವೆ ಲೈಸೆನ್ಸ್, ಎರಡೂ ಕೌಂಟಿಯದ್ದೇ. ಇನ್ನೊಂದು ವಿಶೇಷ: ಲಾರೆನ್ಸ್, ಮಾಂಟೆಗ್ಯೂ, ಸೆಂಟ್ರಲ್ ಮುಂತಾದ ಎಂಟು ಎಕ್ಸ್‌ಪ್ರೆಸ್‌ವೇಗಳು ಸಿಟಿಗಳ ಮಧ್ಯೆ ಹಾದು ಹೋದರೂ ಕೌಂಟಿಯ ಸ್ವತ್ತು. ಇದು ಗೊತ್ತಿಲ್ಲದೆ ನಾನೇ ಒಮ್ಮೆ ಕೆಟ್ಟುಹೋದ ಸಿಗ್ನಲ್ ಬಗ್ಗೆ ಒಂದು ಸಿಟಿ ಹಾಲ್‌ಗೆ ಮೂರು ಸಲ ಫೋನ್ ಮಾಡಿದ್ದೆ. ಮೂರನೇ ಸಲ ಫೋನ್ ಎತ್ತಿದಾಕೆ ತಾಳ್ಮೆಯಿಂದ, ‘ಅದು ನಮ್ಮ ರಸ್ತೆಯೇ ಅಲ್ಲ’ ಎಂದರು.

ಒಂದು ಕಡೆ ಮಾತ್ರ ಕೌಂಟಿಯ ಮಾತು ಎಲ್ಲ 15 ಊರಿಗೂ ನಡೆಯಿತು. 2020ರ ಮಾರ್ಚ್ 16ರಂದು ಕೌಂಟಿಯ ಆರೋಗ್ಯಾಧಿಕಾರಿ ಡಾ. ಸಾರಾ ಕೋಡಿ ಅಕ್ಕಪಕ್ಕದ ಕೌಂಟಿಗಳ ಜೊತೆ ಸೇರಿ, ಎಲ್ಲರೂ ಮನೆಯಲ್ಲೇ ಇರಿ ಎಂದು ಆದೇಶ ಹೊರಡಿಸಿದರು. ಇಡೀ ಕ್ಯಾಲಿಫೋರ್ನಿಯಾಕ್ಕೆ ಗವರ್ನರ್ ಆದೇಶ ಬಂದಿದ್ದು ಅದಾದ ಮೂರು ದಿನಕ್ಕೆ. ಸಾಂಕ್ರಾಮಿಕ ರೋಗದ ವಿಷಯದಲ್ಲಿ ರಾಜ್ಯದ ಕಾನೂನು ಅವರಿಗೆ ಆ ಅಧಿಕಾರ ಕೊಟ್ಟಿದೆ. ಅಷ್ಟರಿಂದ ಅವರೂ ಡಿಸಿ ಆಗಲಿಲ್ಲ.

ಆಸ್ತಿ ತೆರಿಗೆ ಬಿಲ್ಲು ಈ ಗೊಂದಲಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ. ಮೇಲ್ಗಡೆ ದೊಡ್ಡದಾಗಿ ಕೌಂಟಿಯ ಹೆಸರು. ಮೊದಲ ಕಂತಿಗೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10 ಕೊನೆ ದಿನ. ಇಲ್ಲಿ ಮನೆ ಕೊಂಡವರಿಗೆ ಮಕ್ಕಳ ಹುಟ್ಟುಹಬ್ಬ ಮರೆತರೂ ಇವು ಮರೆಯುವುದಿಲ್ಲ. ಹಾಗಂತ ದುಡ್ಡೆಲ್ಲ ಕೌಂಟಿಗಲ್ಲ. ಕೌಂಟಿ ಒಟ್ಟು ಮಾಡಿ ಹಂಚುತ್ತದೆ. ಅತಿ ದೊಡ್ಡ ಪಾಲು ಹೋಗುವುದು ಶಾಲೆಗಳಿಗೆ. ಆ ಶಾಲಾ ಮಂಡಳಿಗಳೂ ಸ್ವತಂತ್ರ, ಅವುಗಳ ಗಡಿಯೇ ಬೇರೆ. ‘ವಿಳಾಸ ಸ್ಯಾನ್ ಹೋಸೆ, ಶಾಲೆ ಕ್ಯುಪರ್ಟಿನೊ’ ಎಂದು ಮನೆ ದಲ್ಲಾಳಿ ಕಣ್ಣರಳಿಸಿ ಹೇಳುವುದು ಇದಕ್ಕೇ.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಅದನ್ನು ನಾನೇ ಕೇಳಿಕೊಂಡು ಬಿಡುತ್ತೇನೆ: ಇಷ್ಟು ಚಿಕ್ಕ ಕಣಿವೆಯಲ್ಲಿ 15 ಸಿಟಿ ಯಾಕೆ?

ಸ್ಯಾನ್ ಹೋಸೆಯ ಭಯಕ್ಕೆ. 1950ರಲ್ಲಿ ಈ ಕಣಿವೆ ತುಂಬ ಏಪ್ರಿಕಾಟ್, ಚೆರಿ, ಪ್ಲಮ್ ತೋಟಗಳಿದ್ದವು. ಆ ವರ್ಷ ‘ಡಚ್’ ಹ್ಯಾಮನ್ ಎಂಬಾತ ಸ್ಯಾನ್ ಹೋಸೆಯ ಸಿಟಿ ಮ್ಯಾನೇಜರ್, ಅಂದರೆ ಊರಿನ ಆಡಳಿತ ನೋಡಿಕೊಳ್ಳುವ ಮುಖ್ಯ ಅಧಿಕಾರಿ ಆದ. ಪಕ್ಕದ ತೋಟ, ಅದರ ಪಕ್ಕದ ತೋಟ, ರಸ್ತೆಯಂಚಿನ ಪಟ್ಟಿ, ಸಿಕ್ಕಿದ್ದನ್ನೆಲ್ಲ ಊರಿಗೆ ಸೇರಿಸುತ್ತಾ ಹೋದ. ಒಳಚರಂಡಿ ಸಂಪರ್ಕ ಬೇಕಾದರೆ ನಮ್ಮೊಳಗೆ ಬನ್ನಿ ಎನ್ನುವುದು ಅವನ ವರಸೆ. ಆತ 1969ರಲ್ಲಿ ಇಳಿಯುವ ಹೊತ್ತಿಗೆ 95 ಸಾವಿರ ಜನರಿದ್ದ ಊರು ನಾಲ್ಕೂವರೆ ಲಕ್ಷದ ಆಸುಪಾಸಿಗೆ ಬಂದಿತ್ತು. ಸುತ್ತಲಿನ ಹಳ್ಳಿಗಳು ತಮ್ಮನ್ನು ನುಂಗುವ ಮೊದಲೇ ತಾವೇ ಸಿಟಿ ಆಗಿಬಿಟ್ಟವು. ಕ್ಯಾಂಪ್‌ಬೆಲ್ 1952, ಮಿಲ್ಪಿಟಾಸ್ 1954, ಕ್ಯುಪರ್ಟಿನೊ 1955, ಸಾರಾಟೋಗಾ 1956. ಅಲ್ವಿಸೊ ಹಾಗೆ ಉಳಿಯಲಿಲ್ಲ, 1968ರಲ್ಲಿ ಸ್ಯಾನ್ ಹೋಸೆಗೆ ಸೇರಿತು.

ಅವಸರದಲ್ಲಿ ಬಾಚಿಕೊಂಡಾಗ ಮಧ್ಯೆ ಮಧ್ಯೆ ತುಂಡುಗಳು ಉಳಿದವು. ಸ್ಯಾನ್ ಹೋಸೆ ನಡುವೆ ಬರ್ಬ್ಯಾಂಕ್ ಎನ್ನುವ ಬಡಾವಣೆ ಇವತ್ತಿಗೂ ಯಾವ ಸಿಟಿಗೂ ಸೇರಿಲ್ಲ. ಅಲ್ಲಿ ಶೆರಿಫ್ ಬರುತ್ತಾರೆ, ಪರವಾನಗಿ ಕೌಂಟಿ ಕೊಡುತ್ತದೆ. ಸ್ಟ್ಯಾನ್‌ಫರ್ಡ್ ಕ್ಯಾಂಪಸ್ ಕೂಡ ಹಾಗೇ. ಎಲ್ಲರೂ ಅದನ್ನು ಪಾಲೋ ಆಲ್ಟೊ ಎನ್ನುತ್ತಾರೆ, ಆದರೆ ಕ್ಯಾಂಪಸ್ಸಿನ ಬಹುಭಾಗ ಆ ಸಿಟಿಯ ಗಡಿಯಾಚೆ, ನೇರವಾಗಿ ಕೌಂಟಿಯಲ್ಲಿದೆ. ಹೊಸ ಕಟ್ಟಡ ಕಟ್ಟಬೇಕಾದರೆ ಅಷ್ಟು ದೊಡ್ಡ ವಿಶ್ವವಿದ್ಯಾಲಯ ಬಂದು ಕೂರುವುದು ಆ ಐದು ಜನ ಸೂಪರ್‌ವೈಸರ್‌ಗಳ ಮುಂದೆ.

ಮಿಲ್ಪಿಟಾಸ್ ಕಡೆ ಹೋದಾಗ ಆ ಊರಿನ ಲಾಂಛನ ಗಮನಿಸಿ, ಬಂದೂಕು ಹಿಡಿದ ಮಿನಿಟ್‌ಮ್ಯಾನ್ ಸೈನಿಕ ಇದ್ದಾನೆ. ಅಮೆರಿಕದವರು ಬ್ರಿಟಿಷರ ಮೇಲೆ ಯುದ್ಧ ಮಾಡಿದ ಕಾಲದವನು. ಮಿಲ್ಪಿಟಾಸ್‌ನವರು ಅವನನ್ನು ನಿಲ್ಲಿಸಿಕೊಂಡಿದ್ದು ಬ್ರಿಟಿಷರ ನೆನಪಿಗಲ್ಲ, 1960ರ ದಶಕದ ಆರಂಭದಲ್ಲಿ ಸ್ಯಾನ್ ಹೋಸೆಗೆ ಸೇರಲ್ಲ ಎಂದು ಮತ ಹಾಕಿ ಗೆದ್ದಿದ್ದಕ್ಕೆ.