ಬ್ರೈಲ್ ಕಡತದಲ್ಲಿ ಕೋಡ್ ತಿದ್ದುವ ಕೆಲಸ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮಕ್ಕಳಿಗಾಗಿ ಪಾಠಗಳನ್ನು ಬ್ರೈಲ್‌ಗೆ ತರುವಾಗ ನನ್ನ ಬಳಿಗೆ ಬರುವ ಕಡತಗಳಲ್ಲಿ ಅಕ್ಷರದೋಷಕ್ಕಿಂತ ವಿನ್ಯಾಸದ ದೋಷವೇ ಹೆಚ್ಚು. ಕೋಡ್ (ಶೀರ್ಷಿಕೆ, ಸಾಲು ಮುಂತಾದವನ್ನು ಹೇಗೆ ಜೋಡಿಸಬೇಕೆಂದು ತಂತ್ರಾಂಶಕ್ಕೆ ತಿಳಿಸುವ ಅಡಗಿದ ಸೂಚನೆ) ಹಾಕಬೇಕಾದ ಕಡೆ ಕೈಯಾರೆ ಖಾಲಿ ಜಾಗ ಬಿಟ್ಟಿರುವುದೇ ಇದಕ್ಕೆ ಮುಖ್ಯ ಕಾರಣ. ‘ಜೋಗ ಜಲಪಾತ’ ಎಂಬ ಶೀರ್ಷಿಕೆಯನ್ನೇ ನೋಡಿ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಸ್ವರಚಿಹ್ನೆಗೂ ಪ್ರತ್ಯೇಕ ಕೋಶ (ಆರು ಚುಕ್ಕಿಗಳ ಒಂದು ಮನೆ) ಬೇಕಾಗುವುದರಿಂದ ‘ಜೋಗ’ಕ್ಕೆ 3, ‘ಜಲಪಾತ’ಕ್ಕೆ 5, ನಡುವಿನ ಖಾಲಿಗೆ 1, ಒಟ್ಟು 9 ಕೋಶಗಳಾಗುತ್ತವೆ. 40 ಕೋಶಗಳ ಸಾಲಿನಲ್ಲಿ ಎಡಕ್ಕೆ 15 ಕೋಶ ಬಿಟ್ಟರೆ ಅದು ನಡುವಿಗೆ ಬರುತ್ತದೆ. ಅದೇ ಪಾಠವನ್ನು 32 ಕೋಶಗಳ ಸಾಲಿಗೆ ಇಳಿಸಿದರೆ 11 ಕೋಶ ಸಾಕು. ಮೊದಲು ಬಿಟ್ಟ 15 ಹಾಗೆಯೇ ಉಳಿದು ಶೀರ್ಷಿಕೆ ಬಲಕ್ಕೆ ಸರಿಯುತ್ತದೆ. ಕೋಡ್ ಇದ್ದರೆ ಈ ಲೆಕ್ಕವನ್ನು ತಂತ್ರಾಂಶವೇ ಮಾಡಿಕೊಳ್ಳುತ್ತದೆ.

ಪಠ್ಯವನ್ನು ಬ್ರೈಲ್‌ಗೆ ತರುವ ತಂತ್ರಾಂಶವಾದ ಡಕ್ಸ್‌ಬರಿಯಲ್ಲಿ ಆಲ್ಟ್ ಮತ್ತು ಎಫ್ 3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಡಗಿದ್ದ ಕೋಡ್‌ಗಳು ಚೌಕ ಆವರಣಗಳೊಳಗೆ ಪಠ್ಯದ ನಡುವೆಯೇ ಕಾಣಿಸಿಕೊಳ್ಳುತ್ತವೆ. ಆದರೆ ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಇದಿಷ್ಟೇ ಸಾಲದು, ಏಕೆಂದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ವಿರಾಮಚಿಹ್ನೆಗಳನ್ನು ಓದುವ ಮಟ್ಟ ಕೆಳಗಿದ್ದರೆ ಸಾಲು ಓದಿಸುವಾಗ ಆವರಣಗಳು ಕೇಳಿಸದೆ ಕೋಡಿನ ಅಕ್ಷರಗಳು ಪಾಠದ ಮಾತಿನೊಂದಿಗೆ ಬೆರೆತುಹೋಗುತ್ತವೆ. ಆದ್ದರಿಂದ ಎನ್‌ವಿಡಿಎ ಕೀಲಿಯ (ಸಾಮಾನ್ಯವಾಗಿ ಇನ್ಸರ್ಟ್) ಜೊತೆಗೆ ಪಿ ಒತ್ತಿ ಆ ಮಟ್ಟವನ್ನು ಮೊದಲು ಏರಿಸಿಕೊಳ್ಳಬೇಕು. ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತವಾದರೆ ಯೂನಿಕೋಡ್‌ಗೆ ಪರಿವರ್ತನೆ ಮುಗಿಯುವವರೆಗೆ ಕೋಡಿನ ಗೊಡವೆಗೇ ಹೋಗಬಾರದು.

ಕೋಡ್‌ಗಳಲ್ಲಿ ಹಲವು ಜೋಡಿಯಾಗಿರುತ್ತವೆ. ಎಚ್‌ಡಿಎಸ್ ಎಂಬುದು ಶೀರ್ಷಿಕೆಯನ್ನು ಆರಂಭಿಸಿದರೆ ಎಚ್‌ಡಿಇ ಅದನ್ನು ಮುಗಿಸುತ್ತದೆ. ಮುಗಿಸುವ ಕೋಡ್ ಅಳಿಸಿಹೋದರೆ ‘ಶರಾವತಿ ನದಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮುಕುತ್ತದೆ’ ಎಂಬ ಮುಂದಿನ ವಾಕ್ಯವೂ ಶೀರ್ಷಿಕೆಯಾಗಿಬಿಡುತ್ತದೆ. ಕಣ್ಣಿದ್ದವರು ಪುಟದ ಆಕಾರವನ್ನು ನೋಡಿ ಇದನ್ನು ತಟ್ಟನೆ ಹಿಡಿಯುತ್ತಾರೆ. ಕಿವಿಯಿಂದ ಓದುವವರಿಗೆ ಎರಡೂ ಒಂದೇ ಸಮನೆ ಕೇಳಿಸುತ್ತವೆ. ಹಾಗಾಗಿ ಒಂದು ಕೋಡನ್ನು ಅಳಿಸುವ ಮೊದಲು ಅದರ ಜೊತೆಯದು ಎಲ್ಲಿದೆ ಎಂದು ಹುಡುಕಿ, ಎರಡನ್ನೂ ಒಂದೇ ಸಲಕ್ಕೆ ತೆಗೆಯುವುದು ನಾನು ಎಲ್ಲರಿಗೂ ಕಲಿಸುವ ಕ್ರಮ.

ಇನ್ನೊಂದು ತೊಡಕೆಂದರೆ, ಚೌಕ ಆವರಣವನ್ನು ಬೆರಳಚ್ಚು ಮಾಡಿದ ಮಾತ್ರಕ್ಕೆ ಒಳಗಿನದು ಕೋಡ್ ಆಗುವುದಿಲ್ಲ. ಅದು ಬರಿಯ ಪಠ್ಯವಾಗಿ ಉಳಿದು ಮಗುವಿನ ಬೆರಳಿಗೆ ಅರ್ಥವಿಲ್ಲದ ಚುಕ್ಕಿಗಳಾಗಿ ತಾಗುತ್ತದೆ. ಕೋಡ್ ನೋಟವನ್ನು ಮತ್ತೆ ಮುಚ್ಚಿ ಅದೇ ಸಾಲನ್ನು ಓದಿಸಿ: ನಿಜವಾದ ಕೋಡ್ ಕೇಳಿಸುವುದಿಲ್ಲ, ಬೆರಳಚ್ಚು ಮಾಡಿದ್ದು ಕೇಳಿಸುತ್ತದೆ.

ತಿದ್ದುಪಡಿಯನ್ನು ಮೂಲ ಪಠ್ಯದ ಕಡತದಲ್ಲೇ ಮಾಡಬೇಕು. ಅನುವಾದಗೊಂಡ, ಅಂದರೆ ತಂತ್ರಾಂಶ ಚುಕ್ಕಿಗಳಿಗೆ ಬದಲಾಯಿಸಿದ, ಬ್ರೈಲ್ ಕಡತದಲ್ಲಿ ಮಾಡಿದ್ದು ಮುಂದಿನ ಅನುವಾದಕ್ಕೆ ಬರುವುದಿಲ್ಲ. ವರ್ಡ್‌ನಲ್ಲಿ ಪಾಠ ಸಿದ್ಧಪಡಿಸುವ ಶಿಕ್ಷಕರು ಅಕ್ಷರವನ್ನು ದಪ್ಪ ಮಾಡುವ ಬದಲು ಹೆಡಿಂಗ್ ಸ್ಟೈಲ್ (ವರ್ಡ್‌ನ ಸಿದ್ಧ ಶೀರ್ಷಿಕೆ ವಿನ್ಯಾಸ) ಕೊಟ್ಟರೆ ನಮ್ಮ ಅರ್ಧ ಕೆಲಸ ಅಲ್ಲಿಯೇ ಮುಗಿದಿರುತ್ತದೆ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿದ ಕಾಗದದ ಮೇಲೆ ಚುಕ್ಕಿಗಳು ಗಟ್ಟಿಯಾಗಿ ಏಳುವುದಿಲ್ಲ, ಒಣಗಿಸಿಟ್ಟ ಕಾಗದವೂ ಕಡಿಮೆಯಿರುತ್ತದೆ. ಆದ್ದರಿಂದ ಕೋಡ್ ತಿದ್ದಿದ ಪುಟವನ್ನು ಮೊದಲು ಚುಕ್ಕಿಗಳು ಎದ್ದುಬರುವ ಸಾಧನವಾದ ಬ್ರೈಲ್ ಡಿಸ್‌ಪ್ಲೇಯಲ್ಲಿ ಬೆರಳಾಡಿಸಿ ಓದಿ, ಅದೊಂದು ಪುಟವನ್ನು ಮಾತ್ರ ಎಂಬಾಸರ್‌ನಲ್ಲಿ (ಬ್ರೈಲ್ ಮುದ್ರಣ ಯಂತ್ರ) ತೆಗೆದು, ಸರಿಯಿದ್ದರೆ ಉಳಿದವನ್ನು ಕಳುಹಿಸಿ.