ಪ್ರತಿ ಭಾನುವಾರ ಮೂಳೆ ಕೊಟ್ಟರೂ ನಾಯಿ ಬಾಯಿ ಯಾಕೆ ನಾರುತ್ತೆ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಶಿಟ್ಜು ಇದೆ. ಬಾಯಿ ತುಂಬಾ ವಾಸನೆ, ಹತ್ತಿರ ಕೂರಿಸಿಕೊಳ್ಳೋಕೆ ಆಗಲ್ಲ. ಹಲ್ಲು ಕ್ಲೀನ್ ಆಗಲಿ ಅಂತ ಪ್ರತಿ ಭಾನುವಾರ ಮಟನ್ ಅಂಗಡಿಯಿಂದ ಮೂಳೆ ತಂದು ಕೊಡುತ್ತೇವೆ, ಆದರೂ ಕಮ್ಮಿ ಆಗಿಲ್ಲ. ಜೊತೆಗೆ ಐದು ತಿಂಗಳ ಮರಿಯೊಂದಿದೆ, ಈಗ ಅದರ ಬಾಯೂ ನಾರೋಕೆ ಶುರುವಾಗಿದೆ. ಯಾವ ಸ್ಪ್ರೇ ಒಳ್ಳೆಯದು?

ಉತ್ತರ: ಇಂಥ ಪ್ರಶ್ನೆಗಳಲ್ಲಿ ತಳಿ ಬದಲಾಗುತ್ತದೆ, ಬಡಾವಣೆ ಬದಲಾಗುತ್ತದೆ, ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ: ಯಾವ ಸ್ಪ್ರೇ ಒಳ್ಳೆಯದು? ಯಾವುದೂ ಅಲ್ಲ. ಮೂಲೆಯಲ್ಲಿ ಇಲಿ ಸತ್ತಿರುವಾಗ ಊದುಬತ್ತಿ ಹಚ್ಚಿದರೆ ಎಷ್ಟು ಹೊತ್ತು ನಡೆದೀತು?

ಮೊದಲು ಮರಿಯ ವಿಷಯ ಮುಗಿಸೋಣ, ಅದು ಸುಲಭ. ಮರಿಗೆ 28 ಹಾಲು ಹಲ್ಲು. ಸುಮಾರು ನಾಲ್ಕನೇ ತಿಂಗಳಿಂದ ಅವು ಉದುರತೊಡಗಿ, ಏಳು ತಿಂಗಳು ತುಂಬುವ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಈ ನಡುವೆ ಒಸಡಿನಿಂದ ಚೂರು ರಕ್ತ ಜಿನುಗಿ ತುಕ್ಕು ಹಿಡಿದ ಕಬ್ಬಿಣದಂಥ ವಾಸನೆ ಬರುವುದು ಸಹಜ. ಅದಕ್ಕೆ ಔಷಧಿ ಬೇಡ. ಹಲ್ಲು ಬಂದ ಮೇಲೆ ತಾನೇ ಹೋಗುತ್ತದೆ. ಊಟವಾದ ಸ್ವಲ್ಪ ಹೊತ್ತಿಗೆ ಮಾತ್ರ ಹೇಲಿನ ವಾಸನೆ ಬರುತ್ತಿದ್ದರೆ ಮರಿ ತನ್ನದನ್ನೇ ತಿನ್ನುತ್ತಿದೆ ಎಂದು ತಿಳಿಯಿರಿ. ಹೋದ ತಕ್ಷಣ ಎತ್ತಿ ಹಾಕುವುದು, ಜಂತುಹುಳದ ಔಷಧಿ ಬಾಕಿ ಇದ್ದರೆ ಕೊಡಿಸುವುದು, ಅಷ್ಟೇ.

ಒಂದನ್ನು ಮಾತ್ರ ಬಿಡಬೇಡಿ. ತಿಂಗಳಿಗೆರಡು ಸಲ ತುಟಿ ಎತ್ತಿ ಕೋರೆ ಹಲ್ಲು ನೋಡಿ. ಶಿಟ್ಜು, ಪೊಮೆರೇನಿಯನ್‌ನಂಥ ಚಿಕ್ಕ ತಳಿಗಳಲ್ಲಿ ಹೊಸ ಕೋರೆ ಬಂದರೂ ಸೂಜಿಯಂಥ ಹಳೆಯ ಕೋರೆ ಬೀಳದೆ ಪಕ್ಕದಲ್ಲೇ ನಿಂತಿರುವುದುಂಟು. ಎರಡರ ಸಂದಿನಲ್ಲಿ ಅನ್ನ, ಕೂದಲು ಸಿಕ್ಕಿ ಕೊಳೆಯುತ್ತದೆ, ಹೊಸ ಹಲ್ಲು ಓರೆಯಾಗುತ್ತದೆ. ಅದನ್ನು ವೈದ್ಯರೇ ಕೀಳಬೇಕು. ಮನೆಯಲ್ಲಿ ಇಕ್ಕಳ ಹಿಡಿದರೆ, ಹಾಲು ಹಲ್ಲಿನ ಬೇರು ಉದ್ದ ಮತ್ತು ತೆಳು ಆದ್ದರಿಂದ, ಅದು ಒಳಗೇ ಮುರಿದು ಉಳಿಯುತ್ತದೆ.

ಈಗ ದೊಡ್ಡದರ ಬಾಯಿಗೆ ಬರೋಣ. ಊಟವಾದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ಜಿಗುಟು ಪಾಚಿ ಕೂರುತ್ತದೆ. ಎರಡು ಮೂರು ದಿನ ಒರೆಸದಿದ್ದರೆ ಜೊಲ್ಲಿನಲ್ಲಿರುವ ಖನಿಜ ಸೇರಿ ಅದು ಕಲ್ಲಾಗುತ್ತದೆ. ಬೋರ್‌ವೆಲ್ ನೀರು ಬಳಸುವವರು ಗೀಸರ್ ಕಾಯಿಲ್ ಬಿಚ್ಚಿ ನೋಡಿರುತ್ತೀರಿ; ಹೆಚ್ಚು ಕಡಿಮೆ ಅದೇ ಕಥೆ. ನಾಯಿಯ ಜೊಲ್ಲು ನಮ್ಮದಕ್ಕಿಂತ ಕ್ಷಾರೀಯ. ಹಾಗಾಗಿ ಅವಕ್ಕೆ ಹುಳುಕು ಹಲ್ಲು ಅಪರೂಪ, ಕಲ್ಲು ಮಾತ್ರ ಬೇಗ ಕಟ್ಟುತ್ತದೆ. ಆದರೆ ನಾರುವುದು ಕಣ್ಣಿಗೆ ಕಾಣುವ ಆ ಹಳದಿ ಕಲ್ಲಲ್ಲ. ಒಸಡಿನ ಕೆಳಗೆ, ಗಾಳಿಯಾಡದ ಸಂದಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಹೊರಬಿಡುವ ಗಂಧಕದ ಅನಿಲಗಳು ನಾರುತ್ತವೆ. ಕೊಳೆತ ಮೊಟ್ಟೆಯಲ್ಲಿ ಇರುವುದೂ ಅದೇ ಹೈಡ್ರೋಜನ್ ಸಲ್ಫೈಡ್. ‘ಒಸಡಿನ ಕೆಳಗೆ’ ಎಂಬ ಈ ಎರಡು ಪದ ನೆನಪಿಟ್ಟುಕೊಳ್ಳಿ, ಮುಂದಿನ ಜಗಳವೆಲ್ಲ ಇದರ ಮೇಲೇ.

ಜಗಳ ಮೂಳೆಯದು. ‘ಮೂಳೆ ಕಡಿದರೆ ಹಲ್ಲು ತಾನೇ ಕ್ಲೀನ್ ಆಗುತ್ತೆ’ ಎನ್ನುವುದನ್ನು ಅಜ್ಜಂದಿರು ಹೇಳಿದ್ದಾರೆ, ಮಟನ್ ಅಂಗಡಿಯವರು ಹೇಳುತ್ತಾರೆ, ಪಾರ್ಕಿನಲ್ಲಿ ಬೆಳಗ್ಗೆ ನಾಯಿ ಹಿಡಿದು ಬರುವ ಪ್ರತಿ ಇಬ್ಬರಲ್ಲಿ ಒಬ್ಬರು ಹೇಳುತ್ತಾರೆ. ಇದರಲ್ಲಿ ಕಾಲು ಭಾಗ ನಿಜವಿದೆ, ಅದಕ್ಕೇ ಈ ನಂಬಿಕೆ ಸಾಯುವುದಿಲ್ಲ. ಹಸಿ ಮೂಳೆ ಕಡಿಯುವ ನಾಯಿಯ ಹಿಂದಿನ ಹಲ್ಲುಗಳ ಮೇಲಿನ ಕಲ್ಲು ಸ್ವಲ್ಪ ಉದುರುವುದು ಹೌದು. ಹಲ್ಲು ಬೆಳ್ಳಗೆ ಕಾಣುತ್ತದೆ, ನಮಗೂ ಸಮಾಧಾನ. ಆದರೆ ಮೂಳೆ ತಿಕ್ಕುವುದು ಹಲ್ಲಿನ ತುದಿ ಮತ್ತು ಉಬ್ಬಿದ ನಡುಭಾಗವನ್ನು. ಒಸಡಿನ ಕೆಳಗಿನ ಸಂದಿಗೆ ಮೂಳೆ ಹೋಗುವುದಿಲ್ಲ. ಮುಂದಿನ ಹಲ್ಲುಗಳನ್ನಂತೂ ಮುಟ್ಟುವುದೇ ಇಲ್ಲ. ಗೋಡೆಗೆ ಸುಣ್ಣ ಬಳಿದು ಚರಂಡಿ ಕಟ್ಟಿಕೊಂಡದ್ದನ್ನು ಹಾಗೇ ಬಿಟ್ಟಂತಾಯಿತು. ನಿಮ್ಮ ಶಿಟ್ಜು ಬಾಯಿ ಇನ್ನೂ ನಾರುತ್ತಿರುವುದೇ ಇದಕ್ಕೆ ಸಾಕ್ಷಿ, ಬೇರೆ ಪುರಾವೆ ಯಾಕೆ?

ಲಾಭ ಇಷ್ಟೇ ಆಗಿದ್ದರೆ ಬಿಡಿ ಅನ್ನಬಹುದಿತ್ತು. ನಷ್ಟದ ಪಟ್ಟಿ ಉದ್ದವಿದೆ. ನಾಯಿ ಹಲ್ಲಿನ ಎನಾಮೆಲ್ 1 ಮಿಲಿಮೀಟರಿಗೂ ತೆಳು, ನಮ್ಮದಕ್ಕಿಂತ ಬಹಳ ಕಮ್ಮಿ. ನಾಯಿ ಗಟ್ಟಿ ವಸ್ತುವನ್ನು ಕಡಿಯುವುದು ಬಾಯಿಯ ಪಕ್ಕದಿಂದ, ಮೇಲಿನ ಸಾಲಿನ ಅತಿ ದೊಡ್ಡ ದವಡೆ ಹಲ್ಲಿನಲ್ಲಿ. ನಲ್ಲಿ ಮೂಳೆಯ ಮೇಲೆ ಜೋರು ಬಿದ್ದಾಗ ಆ ಹಲ್ಲಿನ ಹೊರಮೈ ಹಂಚಿನ ಚೂರಿನಂತೆ ಸೀಳಿ ಬರುತ್ತದೆ. ಒಳಗಿನ ನರ ತೆರೆದುಕೊಂಡು ಬೇರಿನಲ್ಲಿ ಕೀವು ಕಟ್ಟುತ್ತದೆ. ಕೆಲವು ವಾರವೋ ತಿಂಗಳೋ ಆದ ಮೇಲೆ ಕಣ್ಣಿನ ಕೆಳಗೆ ಊದಿಕೊಳ್ಳುತ್ತದೆ. ಮನೆಯವರು ಜೇನು ಕಚ್ಚಿದೆ ಎಂದುಕೊಳ್ಳುತ್ತಾರೆ. ಈ ನಡುವೆ ನಾಯಿ ಊಟ ಬಿಡುವುದಿಲ್ಲ, ಕುಂಯ್ ಅನ್ನುವುದಿಲ್ಲ, ಒಂದೇ ಬದಿಯಲ್ಲಿ ಅಗಿಯುತ್ತದೆ. ಬಾಯಿ ವಾಸನೆಗೆಂದು ಕೊಟ್ಟ ಮೂಳೆಯಿಂದಲೇ ಬಾಯಿ ಇನ್ನಷ್ಟು ನಾರುತ್ತದೆ.

ಮೂಳೆಯ ಉಂಗುರ ಇನ್ನೊಂದು ತಾಪತ್ರಯ. ಅಡ್ಡ ಕತ್ತರಿಸಿದ ನಲ್ಲಿ ಮೂಳೆಯ ಮಜ್ಜೆ ನೆಕ್ಕುತ್ತಾ ನೆಕ್ಕುತ್ತಾ ಅದು ಕೆಳ ದವಡೆಗೆ ಬಳೆಯಂತೆ ತೊಟ್ಟುಕೊಂಡು ಕೋರೆಯ ಹಿಂದೆ ಸಿಕ್ಕಿಬೀಳುತ್ತದೆ, ಕತ್ತರಿಸಿಯೇ ತೆಗೆಯಬೇಕು. ಬೇಯಿಸಿದ ಮೂಳೆ, ಅದರಲ್ಲೂ ಕೋಳಿಯದು, ಚೂಪಾಗಿ ಸೀಳಿ ಗಂಟಲು, ಕರುಳು ಚುಚ್ಚುತ್ತದೆ. ಬಿರಿಯಾನಿ ಮೂಳೆಗಾದರೆ ನಾಯಿಯ ರಕ್ತಕಣಗಳನ್ನು ಒಡೆಯುವ ಈರುಳ್ಳಿ ಬೆಳ್ಳುಳ್ಳಿ ಮಸಾಲೆ ಬೇರೆ. ಪುಡಿಯಾಗಿ ಒಳಹೋದದ್ದು ಮಾರನೇ ದಿನ ಸುಣ್ಣದ ಉಂಡೆಯಂತೆ ಕಟ್ಟಿ, ನಾಯಿ ತಿಣುಕುತ್ತಾ ನಿಂತಿರುತ್ತದೆ.

‘ಬೀದಿ ನಾಯಿಗೆ ಯಾರು ಬ್ರಷ್ ಮಾಡ್ತಾರೆ, ಅವುಗಳ ಹಲ್ಲು ಚೆನ್ನಾಗಿಲ್ವಾ?’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ನೀವು ನೋಡಿರುವುದು ಎರಡು ವರ್ಷದ ಬೀದಿ ನಾಯಿಯ ಹಲ್ಲು. ಎಂಟು ವರ್ಷ ಬದುಕುಳಿದ ಒಂದನ್ನು ಹುಡುಕಿ ತುಟಿ ಎತ್ತಿ ನೋಡಿ: ಸವೆದ ಕೋರೆ, ಮುರಿದ ದವಡೆ, ಹಿಂಜರಿದ ಒಸಡು. ಕಾಡಿನ ನಾಯಿಗಳ ತಲೆಬುರುಡೆ ಪರೀಕ್ಷಿಸಿದವರಿಗೂ ಇವೇ ಸಿಕ್ಕಿವೆ. ಮೇಲಾಗಿ ನಮ್ಮ ನಾಡ ನಾಯಿಯ ಮೂತಿ ಉದ್ದ, 42 ಹಲ್ಲಿಗೂ ಜಾಗವಿದೆ. ಶಿಟ್ಜು, ಪಗ್‌ಗಳ ಗೇಣಿಲ್ಲದ ಮೂತಿಯಲ್ಲೂ ಅಷ್ಟೇ 42 ಹಲ್ಲು, ಬೆಳಗಿನ ಮೆಜೆಸ್ಟಿಕ್ ಬಸ್ಸಿನಂತೆ ಒತ್ತರಿಸಿಕೊಂಡು ನಿಂತಿರುತ್ತವೆ. ಎರಡನ್ನೂ ಹೋಲಿಸುವುದರಲ್ಲಿ ಅರ್ಥವಿಲ್ಲ.

ಪೆಟ್ ಶಾಪಿನಲ್ಲಿ ಗಂಟು ಹಾಕಿ ನೇತುಹಾಕಿರುವ ಚರ್ಮದ ಮೂಳೆ, ಜಿಂಕೆ ಕೊಂಬಿನಂಥ ಗಟ್ಟಿ ವಸ್ತುಗಳಿಗೂ ಇದೇ ತೀರ್ಪು. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇದ್ದರೆ ನಾಯಿ ಬಾಯಿಗೆ ಬೇಡ. ‘ಒಣ ಆಹಾರ ಹಾಕಿದರೆ ಹಲ್ಲು ಕ್ಲೀನು’ ಎನ್ನುವುದೂ ಅಷ್ಟೇ. ಸಾಮಾನ್ಯ ಕಾಳು ಹಲ್ಲಿನ ತುದಿ ತಾಗುತ್ತಲೇ ಪುಡಿಯಾಗುತ್ತದೆ. ಮೊಸರನ್ನವೇ ವಾಸನೆಗೆ ಕಾರಣ ಎಂದು ದೂರುವವರಿದ್ದಾರೆ, ಪಾಪ, ಅದರದೇನೂ ತಪ್ಪಿಲ್ಲ.

ಹಾಗಾದರೆ ಮಾಡುವುದೇನು? ಬ್ರಷ್. ಬೇರೆ ದಾರಿ ಇಲ್ಲ. ಆದರೆ ಒಸಡು ಕೆಂಪಾಗಿ ಊದಿದ್ದರೆ, ಮುಟ್ಟಿದರೆ ರಕ್ತ ಬಂದರೆ, ಕಂದು ಕಲ್ಲು ಕಟ್ಟಿದ್ದರೆ ಮೊದಲು ವೈದ್ಯರು, ಆಮೇಲೆ ಬ್ರಷ್. ನೋಯುವ ಬಾಯಿಗೆ ಬ್ರಷ್ ತುರುಕಿದರೆ ಅದು ಜೀವಮಾನವಿಡೀ ಬಾಯಿ ಮುಟ್ಟಿಸಿಕೊಳ್ಳುವುದಿಲ್ಲ. ಮರಿಗೆ ಈಗಲೇ ಅಭ್ಯಾಸ ಶುರು ಮಾಡಿ, ಹಲ್ಲು ಉದುರುವಾಗ ಮೆತ್ತಗೆ.

ಮೊದಲ ನಾಲ್ಕೈದು ದಿನ ತುಟಿ ಎತ್ತುವುದು, ಬಿಡುವುದು, ಒಂದು ಚೂರು ತಿಂಡಿ. ಮುಂದಿನ ವಾರ ಬೆರಳಿಗೆ ಒದ್ದೆ ಗಾಜ್ ಬಟ್ಟೆ ಸುತ್ತಿ ಹೊರಮೈ ಒರೆಸುವುದು. ಪೇಸ್ಟನ್ನು ಬೆರಳಿನಿಂದ ನೆಕ್ಕಲು ಕೊಡಿ, ರುಚಿ ಹಿಡಿಯಲಿ. ಮೂರನೇ ವಾರ ಬ್ರಷ್: ಚಿಕ್ಕ ಮಕ್ಕಳ ಮೆದು ಬ್ರಷ್ಷೇ ಸಾಕು. ಪೇಸ್ಟ್ ಮಾತ್ರ ನಾಯಿಯದ್ದೇ ಆಗಬೇಕು, ಚಿಕ್ಕ ನಾಯಿಗೆ ಅರ್ಧ ಬಟಾಣಿಯಷ್ಟು, ಎಳೆಗಳ ಒಳಕ್ಕೆ ಒತ್ತಿ; ಮೇಲೆ ಇಟ್ಟರೆ ಒಂದೇ ಸಲ ನೆಕ್ಕಿ ನುಂಗುತ್ತದೆ. ಬಾಯಿ ತೆರೆಸಬೇಡಿ. ಮುಚ್ಚಿದ ಬಾಯಿಯ ಕೆನ್ನೆಯೊಳಗೆ ಬ್ರಷ್ ಇಳಿಸಿ, ಹಲ್ಲು ಒಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಹಿಡಿದು ಚಿಕ್ಕ ಸುತ್ತು. ಮೇಲಿನ ಹಿಂದಿನ ಹಲ್ಲುಗಳೇ ಮುಖ್ಯ, ಬದಿಗೆ ಅರ್ಧ ನಿಮಿಷ. ಒಳಮೈಯನ್ನು ನಾಲಿಗೆ ಅಷ್ಟಿಷ್ಟು ನೋಡಿಕೊಳ್ಳುತ್ತದೆ. ದಿನಾ ಆದರೆ ಸರಿ, ವಾರಕ್ಕೆ ಮೂರಕ್ಕಿಂತ ಕಮ್ಮಿಯಾದರೆ ಕಲ್ಲು ಗೆಲ್ಲುತ್ತದೆ.

ನಮ್ಮ ಪೇಸ್ಟ್ ಯಾಕೆ ಬೇಡ? ನಾಯಿಗೆ ಉಗುಳಲು ಬರುವುದಿಲ್ಲ. ನೊರೆ, ಫ್ಲೋರೈಡ್ ಎಲ್ಲ ಹೊಟ್ಟೆಗೆ. ಅದಕ್ಕಿಂತ ಅಪಾಯ ಕೆಲವು ಪೇಸ್ಟ್, ಮೌತ್‌ವಾಶ್, ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿರುವ ಸೈಲಿಟಾಲ್. ನಮಗೆ ನಿರಪಾಯ, ನಾಯಿಯಲ್ಲಿ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಸಿ ಲಿವರ್ ಕೆಡಿಸುತ್ತದೆ. ಉಪ್ಪು, ಅಡುಗೆ ಸೋಡಾ, ಲವಂಗದೆಣ್ಣೆ, ಇದ್ದಿಲು ಪುಡಿ ಪ್ರಯೋಗಗಳೂ ಬೇಡ.

ನಿಮ್ಮ ಶಿಟ್ಜುಗೆ ಈಗ ಬೇಕಿರುವುದು ಬಹುಶಃ ಸ್ಕೇಲಿಂಗ್, ಅಂದರೆ ಕಟ್ಟಿದ ಕಲ್ಲನ್ನು ವೈದ್ಯರು ಉಪಕರಣದಿಂದ ತೆಗೆಯುವುದು. ಅದು ಅರಿವಳಿಕೆ ಕೊಟ್ಟೇ ಆಗಬೇಕು. ಎಚ್ಚರವಿರುವ ನಾಯಿಯ ಒಸಡಿನ ಕೆಳಗೆ ಉಪಕರಣ ಇಳಿಸುವುದು ಸಾಧ್ಯವಿಲ್ಲ. ಕೆಲವು ಗ್ರೂಮಿಂಗ್ ಪಾರ್ಲರ್‌ಗಳಲ್ಲಿ ‘ಅರಿವಳಿಕೆ ಇಲ್ಲದ ಕ್ಲೀನಿಂಗ್’ ಎಂದು ಮೇಲಿನ ಕಲ್ಲು ಕೆರೆದು ಕಳಿಸುತ್ತಾರೆ. ಪಾಲಿಶ್ ಮಾಡದೆ ಕೆರೆದ ಹಲ್ಲು ಒರಟಾಗಿ, ಪಾಚಿ ಮೊದಲಿಗಿಂತ ಬೇಗ ಕೂರುತ್ತದೆ. ಅರಿವಳಿಕೆಗೆ ಮುಂಚೆ ರಕ್ತ ಪರೀಕ್ಷೆ ಕೇಳಿದರೆ ದುಡ್ಡಿಗೆ ಅಂದುಕೊಳ್ಳಬೇಡಿ. ನಮ್ಮೂರಲ್ಲಿ ಉಣ್ಣೆ ಜ್ವರ ಸಾಮಾನ್ಯ, ಅದರಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ, ಹಲ್ಲು ಕಿತ್ತರೆ ರಕ್ತ ನಿಲ್ಲುವುದಿಲ್ಲ. ಕ್ರಿಯಾಟಿನಿನ್ ನೋಡುವುದು ಕಿಡ್ನಿಗಾಗಿ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಎಲ್ಲ ವಾಸನೆಯೂ ಹಲ್ಲಿನದ್ದಲ್ಲ. ಮೂತ್ರದಂಥ ಘಾಟು, ಜೊತೆಗೆ ನೀರು ಕುಡಿಯುವುದು ಜಾಸ್ತಿ, ಊಟ ಕಮ್ಮಿ: ಕಿಡ್ನಿ ಪರೀಕ್ಷೆ. ಉಗುರಿನ ಬಣ್ಣ ತೆಗೆಯುವ ದ್ರಾವಣದಂಥ ಸಿಹಿ ವಾಸನೆ ಬಂದು ನಾಯಿ ಮಂಕಾಗಿದ್ದರೆ ಸಕ್ಕರೆ ಕಾಯಿಲೆ ಉಲ್ಬಣಿಸಿರಬಹುದು, ಅಂದೇ ಹೋಗಿ. ಒಂದೇ ದಿನದಲ್ಲಿ ನಾತ ಶುರುವಾಗಿ ಮುಂಗಾಲಿನಲ್ಲಿ ಬಾಯಿ ಕೆರೆದುಕೊಳ್ಳುತ್ತಿದ್ದರೆ ಅಂಗುಳಿಗೆ ಅಡ್ಡ ಕಡ್ಡಿಯೋ ಮೂಳೆಯೋ ಸಿಕ್ಕಿರಬಹುದು. ವಯಸ್ಸಾದ ನಾಯಿಯ ಬಾಯಲ್ಲಿ ಒಂದೇ ಕಡೆ ಗಂಟು, ರಕ್ತ ಕಂಡರೆ ಗಡ್ಡೆಯ ಅನುಮಾನ. ಕಾಕರ್ ಸ್ಪಾನಿಯಲ್‌ಗೆ ಕೆಳ ತುಟಿಯ ಮಡಿಕೆಯಲ್ಲೇ ಹುಣ್ಣಾಗಿ ನಾರುವುದುಂಟು. ಹತ್ತಿಯಿಂದ ಮಡಿಕೆ ಒರೆಸಿ ಮೂಸಿದರೆ ಗೊತ್ತಾಗುತ್ತದೆ. ಮೀನಿನ ವಾಸನೆಯಾದರೆ ಹಿಂಭಾಗ ನೋಡಿ: ಗುದದ ಪಕ್ಕದ ಗ್ರಂಥಿ ತುಂಬಿ, ನೆಕ್ಕಿ ನೆಕ್ಕಿ ಅದು ಬಾಯಿಗೆ ಬಂದಿದೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ‘ನಾಯಿ ಬಾಯಿ ನಮ್ಮ ಬಾಯಿಗಿಂತ ಶುದ್ಧ, ಜೊಲ್ಲು ಗಾಯ ವಾಸಿ ಮಾಡುತ್ತೆ’ ಎಂದು ಮಕ್ಕಳ ಮೊಣಕಾಲಿನ ತರಚು ಗಾಯ ನೆಕ್ಕಿಸುವವರಿದ್ದಾರೆ. ಇಷ್ಟು ಹೊತ್ತು ವಿವರಿಸಿದ ಬಾಯಿಯೇ ಅದು. ಗುಲ್ಮ (ಹೊಟ್ಟೆಯ ಎಡಭಾಗದ ಸ್ಪ್ಲೀನ್) ತೆಗೆಸಿಕೊಂಡವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಆ ಜೊಲ್ಲಿನ ಕೆಲವು ಬ್ಯಾಕ್ಟೀರಿಯಾ ಪ್ರಾಣಕ್ಕೇ ಬರಬಹುದು. ಲಸಿಕೆಯ ಗುರುತಿಲ್ಲದ ನಾಯಿ ಗಾಯವನ್ನೋ, ಕಣ್ಣು ಬಾಯಿಯನ್ನೋ ನೆಕ್ಕಿದರೆ ರೇಬೀಸ್ ಲೆಕ್ಕದಲ್ಲಿ ಅದು ಕಚ್ಚಿದ್ದಕ್ಕೆ ಸಮ, ಮೂರನೇ ವರ್ಗದ, ಅಂದರೆ ಅತಿ ಅಪಾಯದ ಸಂಪರ್ಕ. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಬೇಕು. ಕಣ್ಣು ಬಾಯಿಗಾದರೆ ಬರೀ ನೀರು. ಅರಿಶಿನ ಮೆತ್ತದೆ ಅಂದೇ ಆಸ್ಪತ್ರೆಗೆ ಹೋಗಿ. ಮನೆಯ ಮರಿಗೆ ಐದು ತಿಂಗಳಾಯಿತಲ್ಲ, ರೇಬೀಸ್ ಚುಚ್ಚುಮದ್ದು ಆಗಿದೆಯಾ ಎಂದು ಕಾರ್ಡು ತೆಗೆದು ನೋಡಿ.