ಸ್ಪರ್ಶದಿಂದ ಮೋಕ್ಷದವರೆಗೆ ಒಂದು ಜ್ಯಾ

ಚಂದ್ರಗ್ರಹಣಕ್ಕೆ ಪಂಚಾಂಗದವರು ಸ್ಪರ್ಶ, ಮಧ್ಯ, ಮೋಕ್ಷ ಎಂದು ಮೂರು ಕಾಲಗಳನ್ನು ಕೊಡುತ್ತಾರೆ. ಅದನ್ನು ನೋಡಿಕೊಂಡು ನೀರಿನ ಪಾತ್ರೆಗೆ ದರ್ಭೆ ಹಾಕುವ ಮನೆಯಲ್ಲೇ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಸ್ಪರ್ಶಕ, ಛೇದಕ, ಜ್ಯಾ ಎಂದು ಬಾಯಿಪಾಠ ಮಾಡುತ್ತಿರುತ್ತಾಳೆ. ಈ ಎರಡೂ ಒಂದೇ ಲೆಕ್ಕದ ಮಾತುಗಳೆಂದು ಆಕೆಗೆ ಯಾರೂ ಹೇಳುವುದಿಲ್ಲವೆಂಬುದು ನನ್ನ ಹಳೆಯ ತಕರಾರು.

ಸರಳರೇಖೆಯೊಂದು ವೃತ್ತವನ್ನು ಕತ್ತರಿಸುತ್ತದೆಯೇ, ಮುಟ್ಟುತ್ತದೆಯೇ, ಮುಟ್ಟದೆ ಹೋಗುತ್ತದೆಯೇ ಎಂಬುದನ್ನು ಕೇಂದ್ರದಿಂದ ಅದಕ್ಕಿರುವ ಲಂಬದೂರವೊಂದೇ ತೀರ್ಮಾನಿಸುತ್ತದೆ. ಸೋಜಿಗವಿರುವುದು ಮುಟ್ಟುವಿಕೆಯ ಆಸುಪಾಸಿನಲ್ಲಿ. 13 ಸೆಂಟಿಮೀಟರ್ ತ್ರಿಜ್ಯದ ಊಟದ ತಟ್ಟೆಯನ್ನು ಕಾಗದದ ಮೇಲೆ ಬೋರಲು ಹಾಕಿ ಅಂಚಿನ ಸುತ್ತ ಗೆರೆ ಎಳೆದು, ಆ ವೃತ್ತಕ್ಕೊಂದು ಸ್ಪರ್ಶಕವನ್ನು, ಎಂದರೆ ಅದನ್ನು ಮುಟ್ಟಿಯಷ್ಟೇ ಹೋಗುವ ರೇಖೆಯನ್ನು, ಬರೆಯಿರಿ. ಅದನ್ನು ಬರಿಯ 1 ಮಿಲಿಮೀಟರ್ ಒಳಗೆ ಸರಿಸಿದರೆ ಸಾಕು, 3.2 ಸೆಂಟಿಮೀಟರ್ ಉದ್ದದ ಜ್ಯಾ, ಎಂದರೆ ವೃತ್ತದೊಳಗೆ ಸಿಕ್ಕ ರೇಖೆಯ ತುಂಡು, ಹುಟ್ಟುತ್ತದೆ. ಅದೇ 1 ಮಿಲಿಮೀಟರನ್ನು ಕೇಂದ್ರದ ಬಳಿ ಸರಿಸಿದರೆ ಜ್ಯಾ ಕುಗ್ಗುವುದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಬಳೆಯು ಅಳತೆಪಟ್ಟಿಯನ್ನು ಒಂದೇ ಬಿಂದುವಿನಲ್ಲಿ ಮುಟ್ಟುವುದಿಲ್ಲವೆಂದು ಗ್ರೀಸಿನ ಪ್ರೊಟಾಗೊರಸ್ ರೇಖಾಗಣಿತಜ್ಞರನ್ನು ಕೆಣಕಿದನೆಂದು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಕಣ್ಣಿಗೆ ಕಂಡದ್ದರ ಮಟ್ಟಿಗೆ ಅವನ ಮಾತು ಸುಳ್ಳಲ್ಲ: ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆಯು ನಮ್ಮ ತಟ್ಟೆಯ ಅಂಚಿಗೆ ಎರಡು ಸೆಂಟಿಮೀಟರಿಗೂ ಹೆಚ್ಚು ಉದ್ದಕ್ಕೆ ಅಂಟಿಕೊಂಡಂತೆಯೇ ತೋರುತ್ತದೆ.

ಈಗ ತಟ್ಟೆಯನ್ನು ಆಕಾಶಕ್ಕೆ ಏರಿಸೋಣ. ಭೂಮಿಯ ನೆರಳಿನ ತ್ರಿಜ್ಯಕ್ಕೆ ಚಂದ್ರನ ತ್ರಿಜ್ಯವನ್ನು ಕೂಡಿಸಿ, ನೆರಳಿನ ಕೇಂದ್ರದಿಂದ ಒಂದು ದೊಡ್ಡ ವೃತ್ತವನ್ನು ಕಲ್ಪಿಸಿಕೊಳ್ಳಿ. ಚಂದ್ರಕೇಂದ್ರದ ದಾರಿ ಹೆಚ್ಚುಕಡಿಮೆ ಸರಳರೇಖೆ. ಚಂದ್ರಕೇಂದ್ರ ಆ ವೃತ್ತವನ್ನು ಹೊಕ್ಕು ಚಂದ್ರನ ಅಂಚು ನೆರಳಿಗೆ ತಗುಲಿದ ಗಳಿಗೆಯೇ ಸ್ಪರ್ಶ, ಹೊರಬಿದ್ದ ಗಳಿಗೆಯೇ ಮೋಕ್ಷ, ನಡುವಿನ ಜ್ಯಾದ ಉದ್ದವೇ ಗ್ರಹಣದ ಅವಧಿ. ಇದರಲ್ಲಿ ಅನ್ನ ಹಳಸುವಂಥದ್ದು ಏನಿದೆಯೋ ನಾನರಿಯೆ. 2025ರ ಸೆಪ್ಟೆಂಬರ್ 7ರ ರಾತ್ರಿ ರೇಖೆ ಕೇಂದ್ರಕ್ಕೆ ಹತ್ತಿರವಾಗಿ ಹಾಯ್ದದ್ದರಿಂದ ಗ್ರಹಣ ಸುಮಾರು 209 ನಿಮಿಷ ನಡೆಯಿತು. 2023ರ ಅಕ್ಟೋಬರ್ 28ರ ನಡುರಾತ್ರಿ ಕಳೆದ ಮೇಲೆ ಹಿಡಿದ ಗ್ರಹಣದಲ್ಲಾದರೋ ನೆರಳಿಗೆ ಸಿಕ್ಕಿದ್ದು ಚಂದ್ರವ್ಯಾಸದ ನೂರಕ್ಕೆ 12 ಪಾಲು ಮಾತ್ರ, ಆದರೂ ಅದು 77 ನಿಮಿಷ ಹಿಡಿಯಿತು.

ಕ್ರಿ.ಶ. 499ರ ಸುಮಾರಿನ ಆರ್ಯಭಟನ ಗ್ರಂಥ ಆರ್ಯಭಟೀಯದ ಗೋಲಪಾದವೆಂಬ ಭಾಗ ಈ ಲೆಕ್ಕವನ್ನು ಆಗಲೇ ಹೇಳಿದೆ: ಎರಡು ತ್ರಿಜ್ಯಗಳ ಮೊತ್ತದ ವರ್ಗದಿಂದ ಲಂಬದೂರದ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ ಗ್ರಹಣದ ಅರ್ಧದಾರಿ ಸಿಗುತ್ತದೆ. ಚಂದ್ರನ ತ್ರಿಜ್ಯವನ್ನು 1 ಎಂದಿಟ್ಟರೆ 2023ರಲ್ಲಿ ಮೊತ್ತ ಸುಮಾರು 3.7, ಲಂಬದೂರ 3.46, ಅರ್ಧದಾರಿ 1.3. ತನ್ನ ತ್ರಿಜ್ಯದಷ್ಟು ದಾರಿ ಸಾಗಲು ಚಂದ್ರನಿಗೆ ಅರ್ಧ ಗಂಟೆ ಬೇಕು. ಹಾಗಾಗಿ ಸ್ಪರ್ಶದಿಂದ ಮಧ್ಯಕ್ಕೆ ಸುಮಾರು 39 ನಿಮಿಷ, ಅಲ್ಲಿಂದ ಮೋಕ್ಷಕ್ಕೆ ಮತ್ತಷ್ಟೇ.